ಎರಡು ಕಡೆಯ ಎಳೆತ

"ಬಾಗಿಲು ಹಾಕ್ರೀ! ಬೆಳಕು ಬಿದ್ರೆ ಚಿತ್ರವೆಲ್ಲ ಹಾಳು!"

ಕತ್ತಲೆ ಕೋಣೆಯ ಆ ಗದರಿಕೆಗೆ ಅವಳು ಗಡಿಬಿಡಿಯಲ್ಲಿ ಬಾಗಿಲು ಹಾಕಿದಳು. ಪ್ರಯೋಗಾಲಯದಲ್ಲಿ ಅವಳ ಮೊದಲ ದಿನ. ಸೂಕ್ಷ್ಮದರ್ಶಕದ ಮುಂದಿದ್ದವನು ತಿರುಗಿ, ತಾನೇ ನಾಚಿಕೊಂಡ.

"ಜೀವಕೋಶ ಎರಡಾಗ್ತಾ ಇದೆ... ನೋಡ್ತೀರಾ?"

ತೆರೆಯ ಮೇಲೆ ಜೋಡಿ ಜೋಡಿ ವರ್ಣತಂತುಗಳು.

"ಜೋಡಿ ಅಂಟಿಕೊಂಡಿರೋ ಸೊಂಟವೇ ಸೆಂಟ್ರೊಮಿಯರ್. ಅಲ್ಲಿ ಎರಡು ಹಿಡಿ ಇರ್ತವೆ, ಕೈನೆಟೋಕೋರ್ ಅಂತ. ಕೋಶದ ಎರಡೂ ತುದಿಯಿಂದ ಎಳೆಗಳು ಬಂದು ಆಚೆಗೊಂದು, ಈಚೆಗೊಂದು ಹಿಡಿದು ಎಳೀಬೇಕು."

"ಎರಡನ್ನೂ ಒಂದೇ ಕಡೆಯವು ಹಿಡಿದ್ರೆ?"

"ಬಿಗಿಯೇ ಇರಲ್ಲ. ಆ ಹಿಡಿತ ಬಿಡಿಸಿ ಮತ್ತೆ ಹಿಡಿಸುತ್ತೆ ಕೋಶ. ಎಲ್ಲಾ ಸರಿಹೋಗೋ ತನಕ ಕಾಯುತ್ತೆ."

ಆ ಕತ್ತಲೆಯಲ್ಲಿ ಶುರುವಾದ ಮಾತು ಮದುವೆಯವರೆಗೂ ಬಂತು. ಅಕ್ಕ ಏನೆಂದರೂ ತಲೆಯಾಡಿಸುವ ಭಾವನಿಗೆ ಅವಳ ತಂಗಿ 'ಹೂಂಗುಟ್ಟಪ್ಪ' ಎಂದು ಹೆಸರಿಟ್ಟಳು.

ಮೊದಲ ಗರ್ಭ ನಿಲ್ಲಲಿಲ್ಲ. ಎರಡನೆಯದೂ...

ಭ್ರೂಣದ ಪರೀಕ್ಷೆಯ ವರದಿಯನ್ನು ಯಾರೂ ಅವಳಿಗೆ ಬಿಡಿಸಿ ಹೇಳಬೇಕಿರಲಿಲ್ಲ. ಒಂದು ವರ್ಣತಂತು ಹೆಚ್ಚು. ಅಂಡದಲ್ಲೇ ಹಿಡಿತ ತಪ್ಪಿತ್ತು.

'ನನ್ನೊಳಗೇ... ನನ್ನಿಂದಲೇ!'

ಅನ್ನ ಸೇರಲಿಲ್ಲ. ಕನ್ನಡಿ ನೋಡಲಾಗಲಿಲ್ಲ. ಒಂದು ಸಂಜೆ ಒಗೆದ ಬಟ್ಟೆ ಮಡಚುತ್ತಲೇ ಅಂದುಬಿಟ್ಟಳು:

"ನನ್ನನ್ನ ಬಿಟ್ಟುಬಿಡಿ. ಬೇರೆ ಮದುವೆ ಆಗಿ."

ಅವನು ತಲೆಯಾಡಿಸಿದ. "ಹೂಂ... ನಿನ್ನಿಷ್ಟ."

ಅಷ್ಟೇ! ಒಂದೇ ಒಂದು ಎದುರು ಮಾತಿಲ್ಲ! 'ಇವರಿಗೂ ಇದೇ ಬೇಕಿತ್ತು' ಎಂದುಕೊಂಡು, ಮಡಚಿದ ಬಟ್ಟೆಗಳಲ್ಲಿ ತನ್ನವನ್ನಷ್ಟೇ ಆರಿಸಿಕೊಂಡು ತಂಗಿಯ ಮನೆಗೆ ಹೋದಳು. ಅಲ್ಲಿ ಗೋಡೆಗೆ ಮುಖ ಮಾಡಿ ಮಲಗುವುದೇ ಅವಳ ದಿನಚರಿಯಾಯಿತು.

ಕೆಲಸವನ್ನೂ ಬಿಟ್ಟು, ಬಿಳಿ ಕೋಟು ಹಿಂದಿರುಗಿಸಲು ಬಂದ ದಿನ ಕತ್ತಲೆ ಕೋಣೆಯ ಬಾಗಿಲು ಅರೆ ತೆರೆದಿತ್ತು.

"ಬಾಗಿಲು ಹಾಕು..." ಈ ಸಲ ಗದರಿಕೆಯಿಲ್ಲ. ಅವನು ಪಕ್ಕಕ್ಕೆ ಸರಿದು ತೆರೆ ತೋರಿಸಿದ. "ಇಲ್ಲಿ ನೋಡು. ಎರಡೂ ಹಿಡಿ ಒಂದೇ ಕಡೆ ವಾಲಿವೆ. ನಾನೂ ಹೀಗೇ ಮಾಡಿದೆ. ನಿನಗೆ ಇನ್ನಷ್ಟು ನೋವಾಗಬಾರದು ಅಂತ, ನಿನ್ನ ಮಾತಿನ ಕಡೆಗೇ ನಿಂತುಬಿಟ್ಟೆ. ನನ್ನ ಕಡೆಗೆ ಎಳೀಬೇಕಿತ್ತು ಕಣೇ!"

"ನಿಮಗೆ ಬಿಡುಗಡೆ ಬೇಕಿತ್ತು ಅಂದ್ಕೊಂಡೆ..."

"ನನಗೆ ನೀನು ಬೇಕು. ಮಗು ಆಗ್ಲಿ, ಬಿಡ್ಲಿ."

ಹೋದ ಜೀವಗಳು ಮರಳುವುದಿಲ್ಲ ಎಂದು ಇಬ್ಬರಿಗೂ ಗೊತ್ತಿತ್ತು. ಆದರೂ ಅಷ್ಟು ದಿನ ಒಣಗಿದ್ದ ಅವಳ ಕಣ್ಣು ತುಂಬಿ ಬಂತು.

"ಸರಿಯಾಗಿ ಹಿಡಿದ ಮೇಲೂ ಅವು ಬೇರೆ ಆಗೋದೇ ಅಲ್ವೇನ್ರೀ?"

"ಅವು ಆಗ್ತವೆ. ನಾವೇನು ವರ್ಣತಂತುಗಳಾ?"

ಅಳುವಿನ ನಡುವೆ ಅವಳಿಗೆ ನಗು ಬಂತು. ಕೋಟನ್ನು ಎದೆಗೊತ್ತಿಕೊಂಡು ಕೇಳಿದಳು:

"ಹಾಗಾದ್ರೆ... ನಾನು ಹೊರಡ್ಲಾ?"

ಹೂಂಗುಟ್ಟಪ್ಪ ಅವಳ ಕೈ ಹಿಡಿದು ತನ್ನತ್ತ ಎಳೆದ.

"ಊಹೂಂ."