ಕೋಳಿ ಮುಟ್ಟದವನ ಕೆಮ್ಮು

ಕಬ್ಬಿಣದ ರಾಡು ನನ್ನ ಕಿವಿ ಸವರಿ ಆಸ್ಪತ್ರೆಯ ಹಿಂಗೋಡೆಗೆ ಬಡಿಯಿತು. ಗಾರೆ ಉದುರಿ ಕಣ್ಣಿಗೆ ಬಿತ್ತು.

ರಾಡು ಹಿಡಿದವನು ಕೊಕ್ಕರೆ. ನನ್ನ ಕೈಕೆಳಗೇ ಪಳಗಿದವನು.

"ಅಣ್ಣ, ಸುಮ್ಮನೆ ಕಾರು ಹತ್ತಿ. ಕೆಮ್ಮು ನಿಲ್ಲೋವರೆಗೂ ನಿಮ್ಮನ್ನ ಹೊರಗೆ ಬಿಡಬೇಡ ಅಂದಿದ್ದಾರೆ ಧಣಿ."

"ಕೆಮ್ಮು ತಾನಾಗಿ ನಿಲ್ಲುತ್ತಾ, ನೀನು ನಿಲ್ಲಿಸ್ತೀಯಾ?"

ಅವನು ರಾಡನ್ನು ಮತ್ತೆ ಎತ್ತಿದ. ಅದೇ ಉತ್ತರ.

ಅವನ ಮುಖಕ್ಕೆ ನೇರವಾಗಿ ಕೆಮ್ಮಿದೆ. ಹಾವು ತುಳಿದವನ ಹಾಗೆ ಹಿಂದೆ ಹಾರಿದ. ಅಷ್ಟು ಸಾಕಿತ್ತು... ಕಾಂಪೌಂಡ್ ಹಾರಿ ಓಡಿದೆ.

ಧಣಿಯದು ಕೋಳಿ ಮಾಂಸದ ಫ್ಯಾಕ್ಟರಿ. ಅವನ ದಾರಿಯ ಮುಳ್ಳು ಕೀಳುವುದು ನನ್ನ ಕಸುಬು. ಈ ಸಲದ ಮುಳ್ಳು ಒಬ್ಬ ಡಾಕ್ಟರಮ್ಮ. ಉಸಿರಾಟದ ವೈರಸ್‌ಗಳ ಮೇಲೆ ಸಂಶೋಧನೆ ಮಾಡುವವಳು.

ಕೋಳಿ ಕತ್ತರಿಸುವ ವಿಭಾಗದಲ್ಲಿ ಒಬ್ಬೊಬ್ಬರೇ ಮಲಗುತ್ತಿದ್ದರು. ಜ್ವರ, ಕೆಮ್ಮು, ಆಮೇಲೆ ಉಸಿರಿಗೇ ಬರ. ಅವಳು ಬಂದು ಎಲ್ಲರ ಮೂಗಿನಿಂದ ಸ್ಯಾಂಪಲ್ ತೆಗೆದು, ಐಸ್ ಪೆಟ್ಟಿಗೆಯಲ್ಲಿ ತುಂಬಿಕೊಂಡು ಲ್ಯಾಬಿಗೆ ಹೊರಟಳು.

"ಪೆಟ್ಟಿಗೆ ಲ್ಯಾಬ್ ಮುಟ್ಟಬಾರದು" ಅಂದ ಧಣಿ.

ಸೇತುವೆ ಮೇಲೆ ನನ್ನ ಡ್ರೈವರ್ ಅವಳ ವ್ಯಾನಿಗೆ ಜೀಪು ಅಡ್ಡ ಹಾಕಿದ. ವ್ಯಾನಿನ ಡ್ರೈವರನ ಮೊಣಕೈ ನಾನು ಮುರಿದೆ. ಡಾಕ್ಟರಮ್ಮ ಕಿರುಚಲಿಲ್ಲ. ಪೆಟ್ಟಿಗೆ ಅವುಚಿಕೊಂಡು ಕೂತಿದ್ದಳು. ಬೆರಳು ಒಂದೊಂದಾಗಿ ಬಿಡಿಸಬೇಕಾಯಿತು.

"ಇದರಲ್ಲಿ ಆಸ್ಪತ್ರೇಲಿ ಮಲಗಿರೋರದ್ದೂ ಇದೆ" ಅಂದಳು. "ಯಾವ ವೈರಸ್ ಅಂತ ಗೊತ್ತಾದ್ರೆ ಸರಿಯಾದ ಔಷಧಿ ಕೊಡಬಹುದು. ತಡವಾದ್ರೆ ಅದೂ ಕೆಲಸ ಮಾಡಲ್ಲ."

"ಇನ್ನೊಂದ್ಸಲ ತಗೊಳ್ಳಿ."

"ಒಳಗೆ ಬಿಡ್ತೀರಾ?"

ಬಿಡುವುದಿಲ್ಲ ಎಂದು ಇಬ್ಬರಿಗೂ ಗೊತ್ತಿತ್ತು. ಆಸ್ಪತ್ರೆಯೂ ಧಣಿಯದೇ. ಪೆಟ್ಟಿಗೆಯನ್ನು ಇಟ್ಟಿಗೆ ಗೂಡಿನ ಬೆಂಕಿಗೆ ಎಸೆದೆ.

ಆಸ್ಪತ್ರೆಯಲ್ಲಿ ಮಲಗಿದ್ದವರಲ್ಲಿ ನನ್ನ ತಂಗಿಯೂ ಒಬ್ಬಳು.

ಆ ಕೆಲಸಕ್ಕೆ ಅವಳನ್ನು ಸೇರಿಸಿದ್ದು ನಾನೇ. ಎತ್ತಿಕೊಂಡು ಆಸ್ಪತ್ರೆಗೆ ಒಯ್ದಾಗ ನನ್ನ ಕತ್ತಿನ ಮೇಲೆಯೇ ಕೆಮ್ಮಿದ್ದಳು. ಅವಳದು ಬರೀ ನೆಗಡಿ ಹೆಚ್ಚಾಗಿರುವುದು ಎಂದು ನಂಬಿದ್ದೆ. ಬೇಕೆಂದರೆ ಮನುಷ್ಯನಿಗೆ ಎಂಥ ದಡ್ಡತನವೂ ಒದಗುತ್ತದೆ.

ಈ ದಿನ ಬೆಳಿಗ್ಗೆ ಹೋದಳು. ನಾನು ಆಸ್ಪತ್ರೆ ಮುಟ್ಟುವಷ್ಟರಲ್ಲಿ ಹೆಣ ಸುಟ್ಟೂ ಆಗಿತ್ತು. ಧಣಿಯ ಅಪ್ಪಣೆ. ಸುಟ್ಟರೆ ಸಾಕ್ಷಿ ಉಳಿಯುವುದಿಲ್ಲ ಎಂದು ಅವನಿಗೆ ತೋರಿಸಿಕೊಟ್ಟವನು ನಾನೇ ತಾನೆ?

ಅಲ್ಲೇ ಕಾರಿಡಾರಿನಲ್ಲಿ ನನಗೆ ಕೆಮ್ಮು ಬಂತು. ನರ್ಸ್ ಯಾರಿಗೋ ಫೋನ್ ಮಾಡಿದಳು. ಕೊಕ್ಕರೆ ಬಂದ.

ಓಡಿ ಓಡಿ ಲ್ಯಾಬಿನ ಬಾಗಿಲು ಬಡಿದೆ. ಡಾಕ್ಟರಮ್ಮ ನನ್ನ ಗುರುತು ಹಿಡಿದಳು. ಮಾಸ್ಕ್ ಬಿಗಿ ಮಾಡಿಕೊಂಡು ಸ್ಟೂಲ್ ತೋರಿಸಿದಳು.

"ಕೋಳಿ ಮುಟ್ಟಿದ್ರಾ?"

"ತಿನ್ನೋದೂ ಇಲ್ಲ."

"ಕತ್ತರಿಸೋ ವಿಭಾಗಕ್ಕೆ ಹೋಗಿದ್ರಾ?"

"ಆ ವಾಸನೆ ನನಗಾಗಲ್ಲ. ಗೇಟಿನ ಒಳಗೆ ಕಾಲಿಟ್ಟವನಲ್ಲ. ಅಲ್ಲಿ ಕೆಲಸಕ್ಕಿದ್ದ ತಂಗೀನ ಆಸ್ಪತ್ರೆಗೆ ಎತ್ಕೊಂಡು ಹೋಗಿದ್ದೆ, ಅಷ್ಟೆ."

ಡಾಕ್ಟರಮ್ಮನ ಕೈ ನಿಂತಿತು. ಆಮೇಲೆ ಹತ್ತಿಕಡ್ಡಿ ನನ್ನ ಮೂಗಿನೊಳಗೆ ಇಳಿಯಿತು. ಮೆದುಳು ಮುಟ್ಟಿತೇನೋ ಅನಿಸಿತು. ಕಣ್ಣಲ್ಲಿ ನೀರು ಸುರಿಯಿತು. ತಂಗಿಗಾಗಿ ಇನ್ನೂ ಅತ್ತಿರಲಿಲ್ಲ. ಆ ಲೆಕ್ಕಕ್ಕೂ ಆಯಿತು.

ಸಂಜೆಗೆ ಫಲಿತಾಂಶ ಬಂತು.

"ಹಕ್ಕಿ ಜ್ವರದ ವೈರಸ್" ಅಂದಳು. "ನಿಮಗೆ ಬಂದಿರೋದು ತಂಗಿಯಿಂದ. ಕೋಳಿಯಿಂದ ಅಲ್ಲ, ಮನುಷ್ಯರಿಂದ ಮನುಷ್ಯರಿಗೆ. ಇನ್ನು ಆ ಫ್ಯಾಕ್ಟರಿ ಮುಚ್ಚದೆ ವಿಧಿಯಿಲ್ಲ."

"ನಾನು ಬದುಕ್ತೀನಾ?"

"ಔಷಧಿ ಬೇಗ ಶುರು ಮಾಡಿದೀನಿ. ಬದುಕಬಹುದು."

"ಅವಳಿಗೂ ಬೇಗ ಕೊಟ್ಟಿದ್ರೆ...?"

ಡಾಕ್ಟರಮ್ಮ ಕೈಗವಸು ಕಳಚಿ ಬುಟ್ಟಿಗೆ ಹಾಕಿದಳು.

"ಅದನ್ನ ನನ್ನ ಬಾಯಲ್ಲಿ ಹೇಳಿಸಬೇಡಿ."

ನನ್ನನ್ನು ಗಾಜಿನ ಕೋಣೆಯಲ್ಲಿ ಮಲಗಿಸಿ, ಹೊರಗಿನಿಂದ ಮೈಕಿನಲ್ಲಿ ಕೇಳಿದಳು.

"ಗಂಟಲು ಕೆರೆಯೋಕೆ ಶುರುವಾದ ಮೇಲೆ ಯಾರ್ಯಾರ ಹತ್ತಿರ ಇದ್ರಿ? ಎಲ್ಲರಿಗೂ ಈಗಲೇ ಔಷಧಿ ಕೊಡಬೇಕು. ತಡವಾದ್ರೆ ಏನಾಗುತ್ತೆ ನಿಮಗೆ ಗೊತ್ತು."

ಗೊತ್ತಿತ್ತು.

ಕೊಕ್ಕರೆಯ ವಿಳಾಸ ಕೊಟ್ಟೆ. ನರ್ಸ್ ಅಂದೆ. ನನ್ನ ಜೀಪಿನ ಡ್ರೈವರ್ ಅಂದೆ.

"ಇನ್ಯಾರಾದ್ರೂ?"

ಪೆಟ್ಟಿಗೆ ಸುಟ್ಟು ಬರುವ ಹೊತ್ತಿಗೆ ಗಂಟಲು ಕೆರೆಯಲು ಶುರುವಾಗಿತ್ತು. ಧಣಿ ನನ್ನನ್ನು ಬಾಚಿ ತಬ್ಬಿಕೊಂಡು, ಒಂದೇ ಸೋಫಾದ ಮೇಲೆ ಬಹಳ ಹೊತ್ತು ಕೂರಿಸಿಕೊಂಡು ಹೊಗಳಿದ್ದ.

"ಇಲ್ಲ ಡಾಕ್ಟರಮ್ಮ" ಅಂದೆ. "ನನಗೆ ಅಷ್ಟು ಹತ್ತಿರದವರು ಇನ್ಯಾರಿದ್ದಾರೆ?"