ತೊಳೆಯದ ಗಾಡಿ

“ಗಾಡಿಯೊಳಗ ಏನೂ ಪ್ರಾಬ್ಲಂ ಇಲ್ರಿ, ಮೇಡಂ.”

ಶಹಾಬಾದಿನ ಶೋರೂಮಿನ ಸರ್ವಿಸ್ ಅಡ್ವೈಸರ್ ಸುರೇಶಕುಮಾರ ಹೀಗೆ ಹೇಳುವಾಗಲೆಲ್ಲ ನನ್ನ ಕಣ್ಣು ನೋಡುವುದಿಲ್ಲ, ಝುಮಕಿ ನೋಡುತ್ತಾನೆ. ನನಗೆ ಮೈಯೆಲ್ಲ ಉರಿಯುತ್ತದೆ. ಅಲ್ಲಿಗೆ ಹೋಗುವ ದಿನವೇ ಹುಡುಕಿ ಝುಮಕಿ ಹಾಕಿಕೊಳ್ಳುವವಳೂ ನಾನೇ, ಅದಕ್ಕೆ ಇನ್ನಷ್ಟು ಉರಿ.

ನಾನು ಲುಂಬಿನಿ, ಚಿತ್ತಾಪುರ ಕಡೆಯ ದನದ ಡಾಕ್ಟರ್. ಹೊಸ ಕಾರು ಕೊಂಡಾಗಿನಿಂದ ಒಂದೇ ಗೋಳು. ಹಳ್ಳಿ ಸುತ್ತುವಾಗ ಬಾಗಿಲುಗಳು ತಾವಾಗಿ ಲಾಕ್ ಆಗುತ್ತವೆ. ಹ್ಯಾಂಡಲ್ ಎಳೆದರೂ ಬಿಡುವುದಿಲ್ಲ, ಗಾಜೂ ಇಳಿಯುವುದಿಲ್ಲ. ಶೋರೂಮಿನಲ್ಲಿ ಮಾತ್ರ ಎಲ್ಲ ಸರಿ!

ದಂಡೋತಿಯಲ್ಲಿ ಎಮ್ಮೆ ನೋಡಲು ನಾನು ಇಳಿದಿದ್ದಾಗ ಅವ್ವ ಒಳಗೇ ಸಿಕ್ಕಿಕೊಂಡಳು. ಬಿರುಬಿಸಿಲು. ಗಾಜು ಒಡೆದು ಹೊರಗೆ ತೆಗೆದಾಗ ಅವಳಿಗೆ ಮಾತೇ ಬರುತ್ತಿರಲಿಲ್ಲ. “ಆ ಪೆಟ್ಟಿಗ್ಯಾಗ ನಾ ಇನ್ನ ಕುಂದ್ರಂಗಿಲ್ಲ” ಎಂದವಳು ಮತ್ತೆ ಕುಳಿತಿಲ್ಲ. ವಾರಂಟಿ ಈ ತಿಂಗಳಿಗೆ ಮುಗಿಯುತ್ತದೆ. ಆಮೇಲೆ ಯಾರನ್ನು ಕೇಳುವುದು?

“ಪ್ರಾಬ್ಲಂ ಇಲ್ಲಂದ್ರ ಬರ್ರಿ, ಬಾಜೂಕ ಕುಂದ್ರಿ. ವಾಡಿ ತನ ಹೋಗಿ ಬರೋಣ.”

ಅವನು ಹೆದರಿದಂತೆ ನಕ್ಕು ಹತ್ತಿದ.

ಕಲ್ಲಿನ ಲಾರಿಗಳ ಹಿಂದೆ, ಬಿಳಿ ಧೂಳಿನಲ್ಲಿ ಗಾಡಿ ಓಡಿಸಿದೆ. ಭಂಕೂರ ದಾಟಿದೆವು, ಲಾಕ್ ಟಕ್ ಎಂದಿತು. ಪಕ್ಕಕ್ಕೆ ನಿಲ್ಲಿಸಿದೆ.

“ಇಳೀರಿ ನೋಡೋಣ!”

ಎಳೆದ. ಮತ್ತೆ ಎಳೆದ. ಅವನ ಮುಖದ ನಗು ಹೋಯಿತು. ಎಸಿ ಓಡುತ್ತಿದ್ದರೂ ಅವ್ವನ ಮುಖ ಕಣ್ಣಮುಂದೆ ಬಂತು. ಅವನು ಬಾಗಿಲ ಅಂಚಿನಲ್ಲಿ ಬೆರಳಾಡಿಸಿದ. ಬೆರಳು ಬೆಳ್ಳಗಾಯಿತು.

“ರಬ್ಬರ್ ಬರೋಬರ್ ಕುಂತಿಲ್ರಿ. ಕಲ್ಲಿನ ಧೂಳ ಒಳಗ ಹೋಗಿ ಲಾಕೂ ಗಾಜೂ ಹಿಡ್ಯಾಕತ್ತಾವ.”

“ಇದು ಮೊದಲ ಯಾಕ ಕಾಣ್ಲಿಲ್ಲ ನಿಮಗ?”

ಅವನು ತಲೆ ತಗ್ಗಿಸಿದ. “ಎಲ್ಲಾರ ಗಾಡಿ ಚೆಕ್ ಆದ ಮ್ಯಾಲ ತೊಳೀತಾರ್ರಿ. ನಿಮ್ದು ಬಂದ ಕೂಡ್ಲೇ ನಾ ಮೊದಲ ತೊಳಸ್ತಿದ್ದೆ. ಬಾಗಿಲ ಸಂದಿಗೆಲ್ಲಾ ನೀರ ಹೊಡಸಿ.”

“ನಂದಷ್ಟೇ ಯಾಕ?”

“ಸಗಣಿ ಗಾಡಿ ಬಂತು ಅಂತ ಶೋರೂಮಿನ ಹುಡುಗ್ರು ನಗ್ತಿದ್ರು. ನನಗ ತಡ್ಕೊಳ್ಳಾಕ ಆಗ್ಲಿಲ್ಲ.”

ಈಗ ನನ್ನ ಕಣ್ಣನ್ನೇ ನೋಡಿದ. ಚೆನ್ನಾಗಿ ಬೈಯಬೇಕಿತ್ತು. ನಗು ಬಂತು, ಕಣ್ಣೂ ತುಂಬಿತು. ಈ ಮಳ್ಳನ ಪ್ರೀತಿಯೇ ನನ್ನ ಗಾಡಿಯ ರೋಗ ಮುಚ್ಚಿಟ್ಟಿತ್ತು.

ಅವನು ಮ್ಯಾನೇಜರ್ ಚಂದ್ರಾಮಪ್ಪನಿಗೆ ವಿಡಿಯೋ ಕಾಲ್ ಮಾಡಿ ಹ್ಯಾಂಡಲ್ ಎಳೆದು ತೋರಿಸಿದ.

“ಮಶಾಕನ್ನ ಕಳಸ್ತೀನಿ. ಗಾಡಿ ತೊಳದು ತೊಗೊಂಡ ಬಾ, ನೋಡೋಣ.”

“ತೊಳಿಯಂಗಿಲ್ರಿ ಸರ್. ಲಾಕು, ರಬ್ಬರು ವಾರಂಟಿಯೊಳಗ ಹೊಸವು ಹಾಕ್ತೀವಿ ಅಂತ ಇವರಿಗಿ ಹೇಳ್ರಿ. ಅಲ್ಲಿ ತನ ನಾ ಇಳಿಯಂಗಿಲ್ಲ.”

“ನೌಕರಿ ಬ್ಯಾಡೇನಲೇ ನಿನಗ?”

“ಬೇಕ್ರಿ. ಆದ್ರ ಇವರವ್ವ ಇದ್ರಾಗ ಸಿಕ್ಕೊಂಡಿದ್ರು ಸರ್. ಅದು ಹೆಂಗಿರ್ತದ ಅಂತ ಇವತ್ತ ನನಗ ಗೊತ್ತಾಗ್ಯಾದ.”

ಕಾಲ್ ಕಟ್ ಆಯಿತು. ಮೆಕ್ಯಾನಿಕ್ ಮಶಾಕ ನೀರಿನ ಕ್ಯಾನ್ ಹಿಡಿದು ಬಂದ. ಸುರೇಶ ಒಳಗಿನಿಂದಲೇ ‘ತಡಿ’ ಎಂದು ಕೈ ತೋರಿಸಿದ. ನಾನು ಅವನ ಇನ್ನೊಂದು ಕೈ ಹಿಡಿದುಕೊಂಡೆ. ಬಹಳ ಹೊತ್ತಿನ ಮೇಲೆ ಫೋನ್ ಬಂತು. ಚಂದ್ರಾಮಪ್ಪ ಗೊಣಗುತ್ತಲೇ “ಆಯ್ತು, ಹಾಕ್ತೀವಿ” ಎಂದ. ಆಮೇಲೆ ಮಶಾಕ ಸಂದಿಗೆ ನೀರು ಸುರಿದ, ಬಾಗಿಲು ಬಿಟ್ಟಿತು.

ಗಾಡಿ ಸಿದ್ಧವಾದ ದಿನ ಅವ್ವನನ್ನು ಬಸ್ಸಿನಲ್ಲಿ ಕರೆದುಕೊಂಡು ಹೋದೆ. ಸುರೇಶ ನಾಲ್ಕೂ ಬಾಗಿಲು ತೆಗೆದು, ಹಾಕಿ ತೋರಿಸಿದ. ಅವ್ವ ದೂರವೇ ನಿಂತಿದ್ದಳು.

“ನೀನೂ ಕುಂದ್ರತಿಯೇನಪ್ಪ?”

“ಕುಂದ್ರತೀನ್ರಿ, ಅಮ್ಮ.”

“ಹಂಗಾದ್ರ ನಾನೂ ಬರ್ತೀನಿ.”

ಅವ್ವ ಹಿಂದೆ, ಅವನು ನನ್ನ ಪಕ್ಕ. ಅದೇ ರಸ್ತೆ, ಅದೇ ಧೂಳು. ಭಂಕೂರ ದಾಟಿ ಅದೇ ಜಾಗದಲ್ಲಿ ನಿಲ್ಲಿಸಿದೆ. ಅವನ ದನಿ ತಗ್ಗಿತು.

“ಇನ್ನ ನೀವು ಶೋರೂಮಿಗಿ ಬರೋ ಕೆಲಸೇ ಇಲ್ಲ. ನನಗ ಭಾಳ ಬ್ಯಾಸರ ಆಗ್ತದ್ರಿ.”

“ನಮ್ಮ ಮನಿ ದಾರಿ ಗೊತ್ತಿಲ್ಲೇನು? ಕೇಳೂದು ಅವ್ವಗ ಕೇಳ್ರಿ. ನಾ ಅಂತೂ ಹ್ಞೂಂ ಅಂದೀನಿ.”

ಹ್ಯಾಂಡಲ್ ಎಳೆದೆ. ಬಾಗಿಲು ಸಲೀಸಾಗಿ ತೆರೆಯಿತು. ನಾವಿಬ್ಬರೂ ಇಳಿಯಲಿಲ್ಲ.

“ಬಾಗಿಲ ಹಾಕವ್ವ,” ಹಿಂದಿನಿಂದ ಅವ್ವ ಅಂದಳು. “ಧೂಳ ಬರಾಕತ್ತದ.”