ಅಣ್ಣ ಬಿಚ್ಚಿಟ್ಟ ಪಿಕಪ್

“ಮುಟ್ಟಬೇಡ! ಅದನ್ನ ಮುಟ್ಟಬೇಡ!”

ಗುಜರಿಯವನು ಎತ್ತಿದ್ದ ಸುತ್ತಿಗೆ ಗಾಳಿಯಲ್ಲೇ ನಿಂತಿತು. ಗೇಟು ತಳ್ಳಿಕೊಂಡು ಓಡಿ ಬಂದವನು ನೇರವಾಗಿ ಶೆಡ್ಡಿಗೆ ನುಗ್ಗಿ, ಹಳೆಯ ಪಿಕಪ್ಪಿನ ಮುಂದೆ ಎರಡೂ ಕೈ ಚಾಚಿ ನಿಂತುಬಿಟ್ಟ. ಮೊಣಕೈತನಕ ಗ್ರೀಸು. ಓಡಿ ಬಂದ ಏದುಸಿರು ಇನ್ನೂ ನಿಂತಿರಲಿಲ್ಲ.

ಅವಳು ಹಿತ್ತಿಲ ಮೆಟ್ಟಿಲ ಮೇಲೆ ನಿಂತು ನೋಡುತ್ತಿದ್ದಳು. ಬೇರೆ ಯಾವಾಗಲಾದರೂ ಆಗಿದ್ದರೆ ಹೆದರುತ್ತಿದ್ದಳು, ಇಲ್ಲವೇ ರೇಗುತ್ತಿದ್ದಳು. ಈಗ... ಏನೂ ಇಲ್ಲ. ಯಾರದೋ ಮನೆಯ ಗಲಾಟೆಯನ್ನು ಕಿಟಕಿಯಿಂದ ನೋಡಿದ ಹಾಗೆ.

“ಯಾರು ನೀವು?”

“ನಿಮ್ಮಣ್ಣನ ಜೊತೆ ಗ್ಯಾರೇಜಲ್ಲಿ ಇದ್ದವನು. ಬೋಲ್ಟು ಅಂತಾರೆ.”

ಹೆಸರು ಕೇಳಿದ್ದಳು. ರಸ್ತೆಯಲ್ಲಿ ಬಿದ್ದ ಬೋಲ್ಟು ಕಂಡರೆ ಹೆಕ್ಕಿ ಜೇಬಿಗೆ ಹಾಕಿಕೊಳ್ಳದೆ ಮುಂದೆ ಹೋಗುವವನಲ್ಲ ಎಂದು ಅಣ್ಣನೇ ಇಟ್ಟ ಹೆಸರು. ಊಟಕ್ಕೆ ಕೂತರೆ ದಿನಕ್ಕೊಂದು ಬೋಲ್ಟಿನ ಕಥೆ ಇರುತ್ತಿತ್ತು. ಮುಖ ನೋಡಿದ್ದು ಇದೇ ಮೊದಲು.

“ಇದು ಗುಜರಿಗೆ ಹೋಗ್ತಿದೆ. ನಾನೇ ಕರೆಸಿದ್ದು.”

“ಗುಜರಿಗಾ? ಇಲ್ಲಿ ಬನ್ನಿ. ಒಂದ್ಸಲ ನೋಡಿ, ಆಮೇಲೆ ಹೇಳಿ!”

ಶೆಡ್ಡಿನ ಗೋಡೆಯುದ್ದಕ್ಕೂ ಸಾಲಾಗಿ ಡಬ್ಬಿಗಳಿದ್ದವು. ಒಂದೊಂದರ ಮೇಲೂ ಅಂಟಿಸಿದ ಚೀಟಿ, ಅಣ್ಣನ ಓರೆ ಅಕ್ಷರ. ಬೋಲ್ಟು ಒಂದನ್ನು ಎತ್ತಿ ಅವಳ ಮುಂದೆ ಹಿಡಿದ. ‘ಎಡ ಬಾಗಿಲು, ಮೇಲಿನ ಕೀಲು, ನಾಲ್ಕು ಸ್ಕ್ರೂ. ಮೂರು ಒಳ್ಳೇವು, ಒಂದು ಸೋಮಾರಿ.’

“ಗುಜರಿಗೆ ಹಾಕೋ ಗಾಡಿಗೆ ಯಾರಾದ್ರೂ ಹೀಗೆ ಬರೀತಾರಾ? ಅವನು ಬಿಚ್ಚಿಟ್ಟ. ನಾನು ಕಟ್ತೀನಿ. ಭಾನುವಾರ ಭಾನುವಾರ ಬರ್ತೀನಿ, ಅಷ್ಟೆ. ನಿಮಗೇನೂ ತೊಂದ್ರೆ ಕೊಡಲ್ಲ.”

“ಏನಾದ್ರೂ ಮಾಡ್ಕೊಳ್ಳಿ,” ಎಂದು ಅವಳು ಒಳಗೆ ಹೋದಳು. ಬೇಡ ಎನ್ನಲೂ ಒಂದು ಶಕ್ತಿ ಬೇಕಲ್ಲ!

ಅಣ್ಣ ಹೋಗಿ ಎಂಟು ತಿಂಗಳಾಗಿತ್ತು. ಆ ದಿನ ಮನೆ ತುಂಬ ಅಳು. ಅವಳು ಮಾತ್ರ ಬಂದವರಿಗೆಲ್ಲ ಕಾಫಿ ಕೊಟ್ಟಳು, ಆಸ್ಪತ್ರೆಯ ಕಾಗದಗಳಿಗೆ ಸಹಿ ಹಾಕಿದಳು, ಅವನ ಬಟ್ಟೆಗಳನ್ನು ಮಡಚಿ ಯಾರ್ಯಾರಿಗೋ ಹಂಚಿದಳು. “ಗಟ್ಟಿಗಿತ್ತಿ ಕಣಮ್ಮ ನಿನ್ನ ಮಗಳು,” ಎಂದರು ಎಲ್ಲರೂ.

ಗಟ್ಟಿತನವಾಗಿರಲಿಲ್ಲ ಅದು. ಒಂದೇ ಮಗ್ಗುಲಲ್ಲಿ ಮಲಗಿದರೆ ಕೈ ಜೋಮು ಹಿಡಿಯುತ್ತದಲ್ಲ, ಹಾಗೆ. ಕೈ ಇದೆ, ತನ್ನದೇ... ಚಿವುಟಿದರೂ ಗೊತ್ತಾಗುವುದಿಲ್ಲ. ಬೆಳಿಗ್ಗೆ ಎದ್ದು ಕನ್ನಡಕದ ಅಂಗಡಿಗೆ ಹೋಗುವುದು, ಗಾಜು ಕೂರಿಸುವುದು, ಸಾಸಿವೆಗಿಂತ ಚಿಕ್ಕ ಸ್ಕ್ರೂ ತಿರುಗಿಸುವುದು, ಮನೆಗೆ ಬರುವುದು. ದಿನಗಳು ಹೀಗೆ ಹೋಗುತ್ತಿದ್ದವು.

ಬೋಲ್ಟು ಮಾತಿಗೆ ತಪ್ಪಲಿಲ್ಲ. ಭಾನುವಾರ ಒಂಬತ್ತಕ್ಕೆ ಗೇಟಿನ ಸದ್ದು. ಬಾಗಿಲ ರಬ್ಬರಿನ ಅಡಿಯಲ್ಲಿ ಬಿಸಿಲು ಕಾಣದೆ ಉಳಿದಿದ್ದ ಬೆರಳಗಲದ ಮೂಲ ಬಣ್ಣವೊಂದು ಅವನಿಗೆ ಸಿಕ್ಕಿತು. ಹಸಿರೂ ಅಲ್ಲ, ನೀಲಿಯೂ ಅಲ್ಲ. ಅದೇ ಬಣ್ಣ ಬರಬೇಕೆಂದು ಹನ್ನೊಂದು ತಗಡಿನ ಚೂರುಗಳಿಗೆ ಬಳಿದು, ಒಂದೊಂದನ್ನೂ ಬಿಸಿಲಿಗೆ ಹಿಡಿದ, ನೆರಳಿಗೆ ಹಿಡಿದ.

ಕಾಫಿ ತಂದ ಅಮ್ಮ ನೋಡಿ ನೋಡಿ ಸಾಕಾಗಿ, “ಇಂಜಿನ್ನಿಗೇ ಉಸಿರಿಲ್ಲ, ಬಣ್ಣಕ್ಕೆ ಇಷ್ಟು ಗಲಾಟೆ! ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ!” ಎಂದರು.

“ಹಿಟ್ಟೂ ಬರುತ್ತಮ್ಮ. ಮೊದಲು ಜುಟ್ಟು ಒಪ್ಪವಾಗ್ಲಿ,” ಎಂದು ಅವನು ನಕ್ಕ.

ನಾಲ್ಕನೇ ಭಾನುವಾರ ಸ್ಪೀಡೋಮೀಟರ್ ಬಿಚ್ಚಿದ. ಅವನ ದಪ್ಪ ಬೆರಳಿಗೆ ಅದರ ಸ್ಕ್ರೂ ಸಿಗಲಿಲ್ಲ. ಒಂದು ಸಲ ಬಿತ್ತು, ಎರಡು ಸಲ ಬಿತ್ತು. ಮೂರನೆಯ ಸಲ ಬಿದ್ದಾಗ, ಬಟ್ಟೆ ಒಣಗಹಾಕುತ್ತಿದ್ದ ಅವಳಿಗೆ ತಡೆಯಲಾಗಲಿಲ್ಲ.

“ಕೊಡಿ ಇಲ್ಲಿ.”

ಅಂಗಡಿಯ ಚಿಮಟ ತಂದು ಕೂತಳು. ಮುಳ್ಳು ತೆಗೆದಳು, ತುಕ್ಕು ಒರೆಸಿದಳು, ಮತ್ತೆ ಕೂರಿಸಿದಳು. ಆಮೇಲೆ ಕಣ್ಣು ಕಿರಿದು ಮಾಡಿ, “ಸೊನ್ನೆಯಿಂದ ಕೂದಲೆಳೆಯಷ್ಟು ಮೇಲಿದೆ,” ಎಂದು ಮತ್ತೊಮ್ಮೆ ಬಿಚ್ಚಿದಳು.

“ಬಿಡಿ, ಅಷ್ಟು ಯಾರಿಗೆ ಕಾಣುತ್ತೆ?”

“ನೀವಾ ಈ ಮಾತು ಹೇಳೋದು? ಹನ್ನೊಂದು ತಗಡು ಬಳಿದವರು!”

ಅವನು ಜೋರಾಗಿ ನಕ್ಕ. ಆ ಶೆಡ್ಡಿನಲ್ಲಿ ಯಾರಾದರೂ ನಕ್ಕು ಬಹಳ ದಿನಗಳಾಗಿದ್ದವು.

ಅಂದಿನಿಂದ ಚಿಕ್ಕ ಕೆಲಸವೆಲ್ಲ ಅವಳದಾಯಿತು. ಗಾಡಿಯ ಗಡಿಯಾರ. ಕಿಟಕಿ ಇಳಿಸುವ ಹಿಡಿಯ ಬಿಳಿ ಗುಂಡಿ. ಬೀಗದ ಕಣ್ಣು ಮುಚ್ಚುವ ಉಗುರಿನಷ್ಟು ತಗಡು. ಅವನು ಮಾತಾಡುತ್ತಿದ್ದ, ಅವಳು ಹೂಂಗುಟ್ಟುತ್ತಿದ್ದಳು. ತಲೆಯೆತ್ತಿದಾಗಲೆಲ್ಲ ಅವನ ಕಣ್ಣು ಕೆಲಸದ ಮೇಲಿರುತ್ತಿರಲಿಲ್ಲ... ಅವಳ ಮೇಲಿರುತ್ತಿತ್ತು.

ನನಗೆ ಏನಾದರೂ ಅನ್ನಿಸಬೇಕಲ್ಲವಾ ಈಗ? ಎಂದು ತನ್ನನ್ನೇ ಕೇಳಿಕೊಂಡಳು. ಏನೂ ಅನ್ನಿಸಲಿಲ್ಲ. ಆದರೂ ಶನಿವಾರ ಬಂತೆಂದರೆ ಚಿಮಟವನ್ನು ಒರೆಸಿ ಚೀಲದಲ್ಲಿಡುತ್ತಿದ್ದಳು.

ಎಡ ಬಾಗಿಲು ಕೂರಿಸುವ ದಿನ ಬಂತು. ಅವಳು ಬಾಗಿಲನ್ನು ಹಿಡಿದಿದ್ದಳು, ಅವನು ಕೀಲು ಬಿಗಿಯುತ್ತಿದ್ದ.

“ಇದನ್ನ ಬಿಚ್ಚಿದ ದಿನ ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ,” ಎಂದ. “ನೀವು ಅಂಗಡಿಗೆ ಹೋಗಿದ್ರಿ. ಆಸ್ಪತ್ರೆಯ ಮೊದಲನೇ ರಿಪೋರ್ಟು ತಂದು ಸೀಟಿನ ಮೇಲೆ ಎಸೆದ. ಕೊಡೋ ಸ್ಪ್ಯಾನರ್ ಅಂದ...”

ಅವನು ನಾಲಿಗೆ ಕಚ್ಚಿಕೊಂಡ.

“ಬಾಗಿಲು ಬಿಚ್ಚಿದ್ದು ಬೇಸಿಗೆಯಲ್ಲಿ,” ಎಂದಳು ಅವಳು ನಿಧಾನವಾಗಿ. “ಅವನ ಕಾಯಿಲೆ ನಮಗೆ ಗೊತ್ತಾಗಿದ್ದು ಅದಾಗಿ ನಾಲ್ಕು ತಿಂಗಳಿಗೆ. ಅವನು ಮೆಟ್ಟಿಲ ಹತ್ರ ಕುಸಿದು ಬಿದ್ದಾಗ.”

ಅವನು ಸ್ಪ್ಯಾನರ್ ಕೆಳಗಿಟ್ಟ.

“ನಿಮಗೆ ಗೊತ್ತಿತ್ತು!”

“ಆಣೆ ಹಾಕಿಸ್ಕೊಂಡಿದ್ದ. ಮನೇಲಿ ಹೇಳಬಾರದು ಅಂತ. ನಾನೇನು ಮಾಡ್ಲಿ...”

“ನಾಲ್ಕು ತಿಂಗಳು! ನಮ್ಮ ನಾಲ್ಕು ತಿಂಗಳು ಅದು! ಗೊತ್ತಿದ್ದಿದ್ರೆ ನಾನು ಕೆಲಸ ಬಿಟ್ಟು ಅವನ ಜೊತೆ ಕೂತಿರ್ತಿದ್ದೆ. ನೀವು ಕೂತ್ರಿ, ಸ್ಕ್ರೂ ಎಣಿಸ್ಕೊಂಡು! ಹೋಗಿ. ಇನ್ನು ಬರಬೇಡಿ.”

ಅವನು ಬಾಗಿಲನ್ನು ಅವಳ ಕೈಯಿಂದ ಮೆಲ್ಲಗೆ ಬಿಡಿಸಿಕೊಂಡು, ಗೋಡೆಗೆ ಒರಗಿಸಿ, ಹೊರಟುಹೋದ.

ಜೋಮು ಬಿಡುವಾಗ ನೋವಾಗುತ್ತದೆ. ಸೂಜಿ ಚುಚ್ಚಿದ ಹಾಗೆ. ಅವಳಿಗೂ ಆ ವಾರವೆಲ್ಲ ಹಾಗೇ ಆಯಿತು. ಅಂಗಡಿಯಲ್ಲಿ ಎರಡು ಗಾಜು ಒಡೆದಳು. ಭಾನುವಾರ ಒಂಬತ್ತಾಯಿತು, ಗೇಟು ಸದ್ದು ಮಾಡಲಿಲ್ಲ. ಮುಂದಿನ ಭಾನುವಾರವೂ ಇಲ್ಲ. ಅದರ ಮುಂದಿನದೂ ಇಲ್ಲ.

“ಅವನನ್ನ ಯಾಕೆ ಓಡಿಸಿದೆ?” ಎಂದು ಕೊನೆಗೆ ಅಮ್ಮ ಕೇಳಿದರು.

“ಅವನಿಗೆ ಎಲ್ಲ ಗೊತ್ತಿತ್ತಮ್ಮ. ಮುಚ್ಚಿಟ್ಟ.”

ಅಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು, “ಆ ದಿನಗಳಲ್ಲಿ ಅವನ ಪಕ್ಕ ಒಬ್ಬನಾದ್ರೂ ಇದ್ದನಲ್ಲ. ನಾನು ಅಷ್ಟಕ್ಕೇ ಸಮಾಧಾನ ಮಾಡ್ಕೋತೀನಿ,” ಎಂದರು. ಮಗಳ ಮುಖ ನೋಡಿ ಮೆತ್ತಗೆ ಕೇಳಿದರು: “ಸಿಟ್ಟು ಅವನ ಮೇಲೇನಾ? ಅಥವಾ ಇನ್ಯಾರ ಮೇಲಾದ್ರೂನಾ?”

ಅವಳು ಬುಧವಾರ ಅಂಗಡಿಗೆ ಅರ್ಧ ದಿನ ರಜೆ ಹಾಕಿ ಗ್ಯಾರೇಜಿಗೆ ಹೋದಳು.

ಬೋಲ್ಟು ಯಾವುದೋ ಗಾಡಿಯ ಅಡಿಯಲ್ಲಿದ್ದ. ಪಾದಗಳಷ್ಟೇ ಕಾಣುತ್ತಿದ್ದವು. ಅವಳು ಆ ಪಾದಗಳಿಗೇ ಹೇಳತೊಡಗಿದಳು. ಮುಖ ಕಾಣದಿದ್ದುದೇ ಒಳ್ಳೆಯದಾಯಿತು.

“ಹೊರಗೆ ಬರಬೇಡಿ. ನಾನು ಹೇಳಿ ಮುಗಿಸ್ತೀನಿ... ನನಗೂ ಗೊತ್ತಿತ್ತು. ಅವನ ಅಂಗಿ ಒಗೆಯೋವಾಗ ಜೇಬಲ್ಲಿ ಮಾತ್ರೆ ಶೀಟು ಸಿಕ್ತು. ತಲೆನೋವಿನ ಮಾತ್ರೆ ಅಲ್ಲ ಅಂತ ನೋಡಿದ ಕೂಡಲೇ ಗೊತ್ತಾಯ್ತು. ಅಂಗಿ ಒಣಗಿದ ಮೇಲೆ ವಾಪಸ್ ಅದೇ ಜೇಬಿಗೆ ಇಟ್ಟೆ. ರಾತ್ರಿ ಊಟಕ್ಕೆ ಕೂತಾಗ ಅವನು ನಿಮ್ಮ ಕಥೆ ಹೇಳಿ ನಗಿಸಿದ. ನಾನು ನಕ್ಕೆ. ಕೇಳ್ಲಿಲ್ಲ. ಒಂದು ದಿನಾನೂ ಕೇಳ್ಲಿಲ್ಲ! ನಿಮ್ಮನ್ನ ಬೈದೆನಲ್ಲ... ಅಷ್ಟೂ ನನಗೆ ನಾನೇ ಬೈದುಕೊಂಡಿದ್ದು.”

ಗಾಡಿಯ ಅಡಿಯಿಂದ ಅವನು ಸರಿದು ಬಂದ. ಎದ್ದು ನಿಲ್ಲಲಿಲ್ಲ, ನೆಲದ ಮೇಲೇ ಕೂತ.

“ಅವನಿಗೆ ಅದು ಗೊತ್ತಾಗಿತ್ತು,” ಎಂದ.

“ಏನು?”

“ಜೇಬಲ್ಲಿ ಮಾತ್ರೆ ಶೀಟು ತಲೆಕೆಳಗಾಗಿತ್ತಂತೆ. ನನ್ನ ಹತ್ರ ಬಂದು ಹೇಳ್ದ... ‘ತಂಗಿಗೆ ಗೊತ್ತಾಗಿದೆ ಕಣೋ. ಪುಣ್ಯಾತ್ಗಿತ್ತಿ, ಬಾಯಿ ಬಿಡ್ತಿಲ್ಲ. ಅವಳು ಕೇಳಿದ್ರೆ ಆ ಕ್ಷಣದಿಂದ ನಾನು ಮನೇಲಿ ರೋಗಿ. ಕೇಳಿಲ್ಲ ನೋಡು, ಅದಕ್ಕೇ ಇನ್ನೂ ಅಣ್ಣ ಆಗಿದ್ದೀನಿ’ ಅಂತ.”

ಅವಳ ಗಲ್ಲದ ಮೇಲೆ ಏನೋ ಬಿಸಿಯಾಗಿ ಇಳಿಯಿತು. ಮುಟ್ಟಿ ನೋಡಿಕೊಂಡಳು. ಒದ್ದೆ! ಇಷ್ಟು ತಿಂಗಳಲ್ಲಿ ಮೊದಲ ಸಲ. ಅವಳಿಗೇ ಆಶ್ಚರ್ಯವಾಯಿತು.

ಅವನು ಒರೆಸಲೆಂದು ಕೈ ಎತ್ತಿದ, ಗ್ರೀಸು ಕಂಡು ಹಾಗೇ ಇಳಿಸಿದ.

“ಒಂದು ನಿಜ ಹೇಳ್ಲಾ?” ಎಂದ ತಲೆ ತಗ್ಗಿಸಿ. “ಬಲ ಬಾಗಿಲಿನ ರಬ್ಬರು ಮೊದಲನೇ ಸಲವೇ ಸರಿಯಾಗಿ ಕೂತಿತ್ತು. ಮತ್ತೆ ಎರಡು ಸಲ ಕಿತ್ತು ಹಾಕಿದ್ದು... ಕೆಲಸ ಮುಗೀಬಾರದು ಅಂತ. ನನಗೆ ನೀವು ಇಷ್ಟ.”

“ನಿಮ್ಮ ಮೇಲೆ ನನಗೇನು ಅನ್ನಿಸುತ್ತೆ ಅಂತ ಕೇಳಬೇಡಿ,” ಎಂದಳು ಅವಳು. “ನನಗಿನ್ನೂ ಯಾವುದೂ ಸರಿಯಾಗಿ ಅನ್ನಿಸ್ತಿಲ್ಲ. ಆದ್ರೆ ಮೂರು ಭಾನುವಾರ ನೀವು ಬರ್ಲಿಲ್ಲ. ಅದು ಅನ್ನಿಸ್ತು.”

ಅವನು ಅಂದು ಸಂಜೆಯೇ ಬಂದ.

ಬಾಗಿಲು ಕೂತಿತು. ಗಾಜು ಕೂತಿತು. ಹೊಲಿದ ಸೀಟು ಬಂತು. ಒಂದು ತಿಂಗಳ ಮೇಲೆ, ಒಂದು ಬೆಳಿಗ್ಗೆ, ಅವನು ಕೀಲಿಯನ್ನು ಅವಳ ಕೈಗೇ ಕೊಟ್ಟ. ಎರಡು ಸಲ ಇಂಜಿನ್ ಬರೀ ಕೆಮ್ಮಿತು. ಮೂರನೆಯ ಸಲ ಹತ್ತಿಕೊಂಡಿತು! ಸ್ಟೀರಿಂಗಿನ ನಡುಕ ಅವಳ ಅಂಗೈಯಿಂದ ಮೊಣಕೈಗೆ, ಮೊಣಕೈಯಿಂದ ಭುಜಕ್ಕೆ ಏರಿತು. ಅಷ್ಟೂ ದೂರ ಅವಳಿಗೆ ಗೊತ್ತಾಯಿತು. ಮೆಟ್ಟಿಲ ಮೇಲೆ ಅಮ್ಮ ಅಳುತ್ತಲೇ ನಗುತ್ತಿದ್ದರು.

ಪಕ್ಕದಲ್ಲಿ ಕೂತಿದ್ದ ಬೋಲ್ಟು ಇಂಜಿನ್ನಿನ ಸದ್ದಿಗೇ ಕಿವಿಗೊಟ್ಟಿದ್ದ.

“ಇನ್ನೇನು ಕೆಲಸ ಉಳಿದಿದೆ?” ಅವಳು ಕೇಳಿದಳು.

“ಏನೂ ಇಲ್ಲ. ಎಲ್ಲ ಮುಗೀತು.”

“ಹಾಗಾದ್ರೆ ಮುಂದಿನ ಭಾನುವಾರ ಯಾಕೆ ಬರ್ತೀಯ?”

ಅವಳು ‘ನೀನು’ ಎಂದದ್ದನ್ನು ಅವನು ಕೇಳಿಸಿಕೊಂಡ. ಹೊರಗೆ ನೋಡಿದ, ತನ್ನ ಕೈ ನೋಡಿಕೊಂಡ, ಆಮೇಲೆ ಅವಳನ್ನು ನೋಡಿದ.

“ನಿನ್ನ ನೋಡೋಕೆ.”

“ಹ್ಞಾಂ... ಬಾ,” ಎಂದಳು.